ಮೂರು ಬೈಕು, ಒಂದು ಮನೆ: ದಾವಣಗೆರೆಯಿಂದ ಲೇಹ್‌ವರೆಗಿನ ಒಂದು ತಯಾರಿ

2024ರ ಸೆಪ್ಟೆಂಬರ್‌ನಲ್ಲಿ ನಾವು ಮೂವರು ಒಡಹುಟ್ಟಿದವರು ಬೈಕಿನಲ್ಲಿ ಲಡಾಖ್‌ನ ಲೇಹ್‌ಗೆ ಹೋಗಿ ಬಂದೆವು. ಪ್ರಯಾಣದ ಕಥೆಗಳು ಬೇಕಾದಷ್ಟು ಇವೆ. ಇಲ್ಲಿ ಬರೆಯುತ್ತಿರುವುದು ತಯಾರಿಯ ಬಗ್ಗೆ. ಅಣ್ಣ, ತಂಗಿ, ತಮ್ಮ ಸೇರಿ ಇಷ್ಟು ದೂರ ಹೊರಡುವಾಗ ಏನೇನು ಎದ್ದು ಬರುತ್ತದೆ, ಅದನ್ನು ನಾವು ಹೇಗೆ ಬಗೆಹರಿಸಿಕೊಂಡೆವು ಎಂಬುದನ್ನು ಒಂದು ಪ್ರಕರಣದ ಹಾಗೆ ಇಡುತ್ತಿದ್ದೇನೆ.

ಮೊದಲು ಯಾರು ಯಾರು ಅನ್ನುವುದು. ಅಣ್ಣನಿಗೆ ಐವತ್ತು ಹತ್ತಿರ ಬಂದಿತ್ತು. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಬಿಪಿ ಮಾತ್ರೆ ನುಂಗುತ್ತಾನೆ. ಅವನ ಗಾಡಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ನಾನು ನಡುವಿನವಳು, ಧಾರವಾಡದಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ದಿನವೂ ಓಡಿಸುವುದು ಸ್ಕೂಟರ್. ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಬಳಿ ಹಿಮಾಲಯನ್ 411 ಇದೆ, ಹಳೆಯ ಪಲ್ಸರ್ 150 ಅನ್ನು ಊರಿನ ಮನೆಯಲ್ಲೇ ಬಿಟ್ಟಿದ್ದ. ಅಪ್ಪ ಇಲ್ಲ. ಅವ್ವ ಅಣ್ಣನ ಜೊತೆ ಇದ್ದಾಳೆ. ಅತ್ತಿಗೆ ಮನೆ, ಅಂಗಡಿ ಎರಡನ್ನೂ ನೋಡುತ್ತಾರೆ. ಈ ಲೆಕ್ಕದಲ್ಲಿ ಅತ್ತಿಗೆಯ ಹೆಸರು ಎಲ್ಲೂ ಬರೆಯದೆ ಹೋಗುವ ಸಾಧ್ಯತೆ ಜಾಸ್ತಿ ಇತ್ತು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅವರು ಒಪ್ಪದೆ ಹೋಗಿದ್ದರೆ ಈ ಪ್ರಯಾಣವೇ ಇರುತ್ತಿರಲಿಲ್ಲ.

ಗೆಳೆಯರ ಗುಂಪಿನಲ್ಲಿ ಯಾರ ಮಾತು ನಡೆಯಬೇಕು ಎಂಬುದು ದಾರಿಯಲ್ಲಿ ತಾನಾಗಿ ಗೊತ್ತಾಗುತ್ತದೆ. ನಮ್ಮಂಥವರಲ್ಲಿ ಅದು ಬಾಲ್ಯದಲ್ಲೇ ಗೊತ್ತಾಗಿ ಹೋಗಿರುತ್ತದೆ. ಅಣ್ಣ ಹೇಳುತ್ತಾನೆ, ನಾನು ಹೊಂದಿಸಿಕೊಂಡು ಹೋಗುತ್ತೇನೆ, ತಮ್ಮ ಹಟ ಹಿಡಿದು ಬೇಕಾದ್ದನ್ನು ಪಡೆಯುತ್ತಾನೆ. ಮನೆಯಲ್ಲಿ ಇದು ನಡೆಯುತ್ತದೆ. ಐದು ಸಾವಿರ ಮೀಟರ್ ಎತ್ತರದಲ್ಲಿ ಇದು ಅಪಾಯ. ನಮ್ಮ ತಯಾರಿಯ ಬಹುಪಾಲು ಸಮಯ ನಕ್ಷೆಗಿಂತ ಇದಕ್ಕೇ ಹೋಯಿತು, ಹೋಗಬೇಕಾದದ್ದೂ ಇದಕ್ಕೇ ಎಂದು ನನಗೆ ಈಗಲೂ ಅನಿಸುತ್ತದೆ.

ಮೊದಲ ಜಗಳ ನನ್ನ ಸೀಟಿನದು. ಅಣ್ಣ ಎರಡನೇ ಮಾತಿಗೆ ಅವಕಾಶವಿಲ್ಲದ ಹಾಗೆ ಹೇಳಿದ, "ನೀನ್ಯಾಕೆ ಓಡಿಸ್ತೀಯ, ನನ್ನ ಹಿಂದೆ ಕೂತ್ಕೋ." ಅದರ ಹಿಂದೆ ಪ್ರೀತಿಯೇ ಇತ್ತು, ನನಗೆ ಗೊತ್ತು. ಆದರೆ ಲೆಕ್ಕ ಬೇರೆಯೇ ಇತ್ತು. ಕ್ಲಾಸಿಕ್‌ನ ತೂಕವೇ 195 ಕೆಜಿ. ಅದರ ಮೇಲೆ ಅಣ್ಣ, ನಾನು, ಇಬ್ಬರ ಸಾಮಾನು. ಘಾಟಿನಲ್ಲಿ, ಕೆಸರಿನಲ್ಲಿ, ತೊರೆ ದಾಟುವಾಗ ಅಷ್ಟೂ ಭಾರವನ್ನು ಸಂಭಾಳಿಸುವುದು ಬಿಪಿ ಇರುವ ಒಬ್ಬ ಮನುಷ್ಯ. ತಮ್ಮ ಆವತ್ತು ವಾದ ಮಾಡಲಿಲ್ಲ. ರಾತ್ರಿ ನಮ್ಮಿಬ್ಬರಿಗೂ ಅಮೆರಿಕದ ಅಕ್ಕತಂಗಿಯರ ಬಗ್ಗೆ ಓದಲು ಕಳಿಸಿದ. ಆಗಸ್ಟಾ ಮತ್ತು ಆಡಲಿನ್ ವ್ಯಾನ್ ಬ್ಯೂರೆನ್ ಎಂಬ ಇಬ್ಬರು 1916ರಲ್ಲಿ ನ್ಯೂಯಾರ್ಕ್‌ನಿಂದ ಕ್ಯಾಲಿಫೋರ್ನಿಯಾದವರೆಗೆ ದೇಶದ ಉದ್ದಕ್ಕೂ ಹೋದವರು. ಸರಿಯಾದ ರಸ್ತೆಗಳೇ ಇಲ್ಲದ ಕಾಲ. ಗಂಡಸರ ಉಡುಪು ತೊಟ್ಟಿದ್ದಕ್ಕೆ ದಾರಿಯಲ್ಲಿ ಪೊಲೀಸರು ಹಿಡಿದದ್ದೂ ಉಂಟು. ಇಬ್ಬರಿಗೂ ಒಂದೊಂದು ಇಂಡಿಯನ್ ಮೋಟಾರ್‌ಸೈಕಲ್ ಇತ್ತು, ಯಾರೂ ಯಾರ ಹಿಂದೆಯೂ ಕೂರಲಿಲ್ಲ. ಅಣ್ಣ ಓದಿ ಏನೂ ಹೇಳಲಿಲ್ಲ. ಮಾರನೆಯ ದಿನ ಪಲ್ಸರ್‌ನ ಬ್ಯಾಟರಿ ಚಾರ್ಜಿಗೆ ಹಾಕಿದ್ದ.

ಪಲ್ಸರ್ ನನಗೆ ಸರಿಯಾದ ಗಾಡಿ. ಸುಮಾರು 150 ಕೆಜಿ, ಸೀಟು ತಗ್ಗು, ಎರಡೂ ಕಾಲು ನೆಲಕ್ಕೆ ಊರುತ್ತವೆ. ಎತ್ತರದ ಗಾಡಿ ಇಳಿಜಾರಿನಲ್ಲಿ ನಿಂತಾಗ ಬೀಳಿಸುತ್ತದೆ, ಓಡುವಾಗ ಅಲ್ಲ. ಹೆಣ್ಣುಮಕ್ಕಳಿಗೆ ಬೈಕ್ ಆರಿಸುವಾಗ ಎಂಜಿನ್ ಸಿಸಿಗಿಂತ ಇದನ್ನು ಮೊದಲು ನೋಡಬೇಕು.

ಆದರೆ ಗಾಡಿ ತಮ್ಮನ ಹೆಸರಿನಲ್ಲಿತ್ತು. "ಮನೆಯವರದ್ದೇ ಅಲ್ವಾ, ಒಂದು ಪತ್ರ ಬರೆದುಕೊಟ್ರೆ ಸಾಕು" ಎಂದರು ಎಲ್ಲರೂ. ಪೊಲೀಸರು ತಡೆದಾಗ ಪತ್ರ ಸಾಕಾಗಬಹುದು. ಇನ್ಶೂರೆನ್ಸ್‌ಗೆ ಸಾಕಾಗುವುದಿಲ್ಲ. ಬೈಕ್ ವಿಮೆಯ ಜೊತೆ ಬರುವ 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಗಾಡಿಯ ಮಾಲೀಕರೇ ಓಡಿಸುತ್ತಿದ್ದಾಗ ಮಾತ್ರ ಸಿಗುತ್ತದೆ. ತಮ್ಮನ ಗಾಡಿಯನ್ನು ಅಕ್ಕ ಓಡಿಸಿ ಏನಾದರೂ ಆದರೆ ಆ ಹಣ ಅಕ್ಕನ ಮನೆಗೆ ಬರುವುದಿಲ್ಲ. ಒಂದೇ ಮನೆಯ ಗಾಡಿಗಳನ್ನು ಹಂಚಿಕೊಂಡು ಹೊರಡುವವರು ಈ ಒಂದು ಸಾಲನ್ನು ದಯವಿಟ್ಟು ಗಮನಿಸಬೇಕು. ನಾವು ಫಾರ್ಮ್ 29, ಫಾರ್ಮ್ 30 ತುಂಬಿ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿದೆವು. ವಿಮೆಯನ್ನೂ ಬದಲಿಸಿದೆವು.

ಇನ್ನೊಂದು ತೊಡಕು ಅಲ್ಲೇ ಸಿಕ್ಕಿತು. ಕಾಲೇಜಿನ ದಿನಗಳಲ್ಲಿ ಮಾಡಿಸಿದ ನನ್ನ ಲೈಸೆನ್ಸ್ ಗೇರ್ ಇಲ್ಲದ ಗಾಡಿಯದು. ಅಪ್ಪನ ಬೈಕಿನಲ್ಲಿ ಗೇರ್ ಹಾಕಲು ಕಲಿತವಳು ನಾನು, ಕಾಗದದ ಮೇಲೆ ಮಾತ್ರ ಬರೀ ಸ್ಕೂಟರಿನವಳು. ಹೊಸದಾಗಿ ಎಲ್‌ಎಲ್‌ಆರ್ ತೆಗೆದು 30 ದಿನ ಕಾದು ಟೆಸ್ಟ್ ಕೊಡಬೇಕಾಯಿತು. ಸೆಪ್ಟೆಂಬರ್ ಪ್ರಯಾಣಕ್ಕೆ ಫೆಬ್ರವರಿಯಲ್ಲೇ ಕೂತಿದ್ದರಿಂದ ಇದೆಲ್ಲ ಆತುರವಿಲ್ಲದೆ ಮುಗಿಯಿತು.

ಯಾವಾಗ ಹೊರಡುವುದು ಎಂಬ ಪ್ರಶ್ನೆಗೆ ಹವಾಮಾನ ಒಂದು ಉತ್ತರ ಕೊಡುತ್ತಿತ್ತು, ಪಂಚಾಂಗ ಇನ್ನೊಂದು, ಅಂಗಡಿ ಮತ್ತೊಂದು. ಮೇ-ಜೂನ್‌ನಲ್ಲಿ ರಾಜಸ್ಥಾನದ ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿಕೊಂಡು ದಿನವಿಡೀ ಕೂರುವುದು ಆಗದ ಮಾತು. ಜುಲೈ-ಆಗಸ್ಟ್‌ನಲ್ಲಿ ಹಿಮಾಚಲದ ಗುಡ್ಡ ಕುಸಿಯುತ್ತದೆ. 2023ರ ಜುಲೈನಲ್ಲಿ ಕುಲ್ಲು, ಮನಾಲಿ ಕಡೆ ರಸ್ತೆಯೇ ಹೊಳೆಗೆ ಹೋದದ್ದನ್ನು ಎಲ್ಲರೂ ನೋಡಿದ್ದೆವು. ಅಕ್ಟೋಬರ್ ಆದರೆ ಮೇಲೆ ವಿಪರೀತ ಚಳಿ, ದಾರಿಯ ಟೆಂಟುಗಳೂ ಎದ್ದು ಹೋಗಿರುತ್ತವೆ. ಉಳಿದದ್ದು ಸೆಪ್ಟೆಂಬರ್.

ಆ ವರ್ಷ ಗಣೇಶ ಚತುರ್ಥಿ ಸೆಪ್ಟೆಂಬರ್ 7ಕ್ಕೆ, ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ. ನಡುವೆ ಪಿತೃಪಕ್ಷ. ಅಣ್ಣನಿಗೆ ಪಿತೃಪಕ್ಷ ಬಹಳ ಅನುಕೂಲ, ಏಕೆಂದರೆ ಆ ಹದಿನೈದು ದಿನ ಯಾರೂ ಮನೆ ಕೆಲಸ ಶುರು ಮಾಡುವುದಿಲ್ಲ, ಅಂಗಡಿಯಲ್ಲಿ ವ್ಯಾಪಾರ ಕಡಿಮೆ. ದಸರಾ ಹತ್ತಿರ ಬಂದರೆ ಬಣ್ಣ, ಸುಣ್ಣ, ಬ್ರಷ್ಷು ಅಂತ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅವ್ವನಿಗೆ ಅದೇ ಪಿತೃಪಕ್ಷ ದೊಡ್ಡ ಅಡ್ಡಿ. "ಪಕ್ಷದಾಗ ಯಾರಾದ್ರೂ ದೂರ ಹೊರಡ್ತಾರೇನು?" ಎಂದಳು. ಮೇಲಾಗಿ ಅಮಾವಾಸ್ಯೆಗೆ ಅಪ್ಪನಿಗೆ ಎಡೆ ಇಡಲು ಇಬ್ಬರೂ ಗಂಡುಮಕ್ಕಳು ಮನೆಯಲ್ಲಿ ಇರಲೇಬೇಕು.

ತಮ್ಮ ಇದನ್ನು ತಳ್ಳಿಹಾಕಲು ಹೋದ. ಅಣ್ಣ ಅವ್ವನ ಪರ ನಿಂತ. ನನಗೆ ಕಂಡದ್ದು ಬೇರೆ: ಅವ್ವ ಹೋಗಬೇಡಿ ಅನ್ನುತ್ತಿಲ್ಲ, ಹೊರಡುವ ದಿನ ಮತ್ತು ಬರುವ ದಿನ ಹೇಳುತ್ತಿದ್ದಾಳೆ. ಗಣಪತಿ ಕಳಿಸಿ, ಪಕ್ಷ ಶುರುವಾಗುವ ಮೊದಲು ಮನೆ ಬಿಡುವುದು, ಅಮಾವಾಸ್ಯೆಗೆ ಮೊದಲು ಹೊಸಿಲು ತುಳಿಯುವುದು. ಹವಾಮಾನಕ್ಕೂ ಇದೇ ಒಳ್ಳೆಯ ಕಿಟಕಿ. ಅಲ್ಲಿಗೆ ಅದು ಮುಗಿಯಿತು.

ಆದರೆ ಅಷ್ಟೂ ದಿನ ರಜೆ ತಮ್ಮನಿಗೆ ಸಿಗುವ ಹಾಗಿರಲಿಲ್ಲ. ಹೆಚ್ಚೆಂದರೆ ಎರಡು ವಾರ. ಅವನು ಹೇಳಿದ ಉಪಾಯ, ದಿನಕ್ಕೆ 700 ಕಿ.ಮೀ. ಓಡಿಸೋಣ. ಅಣ್ಣ ಹೇಳಿದ್ದು 500. ಅವನು ಇಪ್ಪತ್ತೈದು ವಯಸ್ಸಿನಲ್ಲಿ ಒಮ್ಮೆ ಮುಂಬೈಗೆ ಒಂದೇ ಓಟದಲ್ಲಿ ಹೋಗಿದ್ದ, ಆ ನೆನಪಿನ ಮೇಲೆ ನಿಂತ ಲೆಕ್ಕ ಅದು. ಇಬ್ಬರೂ ನನ್ನನ್ನು ಕೇಳಲಿಲ್ಲ.

ಆ ಸಂಜೆ ಅಂಗಡಿಯಲ್ಲೇ ಕೂತಿದ್ದೆವು. ಅತ್ತಿಗೆ ಗಲ್ಲಾದ ಮುಂದೆ ಲೆಕ್ಕ ಬರೆಯುತ್ತಿದ್ದರು. ತಲೆ ಎತ್ತದೆ ಕೇಳಿದರು, "ಸುಸ್ತಾಗಿ ಬೀಳೋದು ಯಾರು? ಅವರನ್ನ ಕೇಳಿ." ನಮ್ಮ ಇಡೀ ತಯಾರಿಗೆ ದಾರಿ ತೋರಿಸಿದ ಮಾತು ಅದು. ಬಿಲ್ ಪುಸ್ತಕದ ಹಾಳೆಯೊಂದನ್ನು ಹರಿದು ಅದರ ಹಿಂಬದಿಯಲ್ಲಿ ಬರೆಯುತ್ತಾ ಹೋದೆವು. ಯಾವ ತೀರ್ಮಾನದ ಭಾರ ಯಾರ ಮೈಮೇಲೆ ಬೀಳುತ್ತದೋ, ಆ ತೀರ್ಮಾನ ಅವರದು. ದಿನದ ದೂರ, ಎಲ್ಲಿ ನಿಲ್ಲುವುದು, ಎಷ್ಟು ಹೊತ್ತಿಗೆ ಗಾಡಿ ನಿಲ್ಲಿಸುವುದು ನನ್ನದು, ಏಕೆಂದರೆ ನಿಧಾನದವಳು ನಾನು. ಟೈರು, ಬ್ರೇಕು, ಚೈನು, ಸಾಮಾನು ಕಟ್ಟುವುದು ಅಣ್ಣನದು, ದಾರಿಯಲ್ಲಿ ಕೆಟ್ಟರೆ ಪಾನಾ ಹಿಡಿಯುವವನು ಅವನೇ. ರೂಮು, ಪರ್ಮಿಟ್, ನಕ್ಷೆ, ರೈಲು ತಮ್ಮನದು. ಮನೆಗೆ ಬರುವ ದಿನ ಅವ್ವ ಮತ್ತು ಅತ್ತಿಗೆಯದು, ಅದನ್ನು ನಾವು ಮೂವರೂ ಸೇರಿ ಕೂಡ ಬದಲಿಸುವ ಹಾಗಿಲ್ಲ. ಮತ್ತೆ ಕೊನೆಯ ಸಾಲು: ಯಾರು ಬೇಕಾದರೂ "ಸಾಕು" ಅನ್ನಬಹುದು, ಯಾಕೆ ಅಂತ ಕೇಳುವ ಹಾಗಿಲ್ಲ.

ಈ ಕೊನೆಯ ಸಾಲು ಯಾಕೆ ಬೇಕಿತ್ತು ಅಂದರೆ, ಒಡಹುಟ್ಟಿದವರ ಎದುರು ದಣಿವನ್ನು ಒಪ್ಪಿಕೊಳ್ಳುವುದು ಕಷ್ಟ. ಹಿರಿಯನಿಗೆ ಮರ್ಯಾದೆ, ಕಿರಿಯನಿಗೆ ಛಲ, ನನಗೆ "ನೋಡಿದ್ಯಾ, ಹಿಂದೆ ಕೂತ್ಕೋ ಅಂದಿದ್ದೆ" ಎಂದು ಕೇಳಿಸಿಕೊಳ್ಳುವ ಭಯ.

ನಾನು ದಿನಕ್ಕೆ 350 ಕಿ.ಮೀ. ಆಸುಪಾಸು ಇಟ್ಟೆ, ಎರಡು ದಿನ ಮಾತ್ರ 400 ದಾಟುವ ಹಾಗೆ. ತಮ್ಮನ ರಜೆಗೆ ಪರಿಹಾರ ರೈಲು. ಅವನ ಬೈಕು ಯಶವಂತಪುರದಿಂದ ಚಂಡೀಗಢಕ್ಕೆ ಪಾರ್ಸೆಲ್ ಆಗಿ ಹೋಗುವುದು, ಅವನು ಆಮೇಲೆ ವಿಮಾನದಲ್ಲಿ ಬಂದು ಅಲ್ಲಿ ನಮ್ಮನ್ನು ಸೇರುವುದು. ಅಣ್ಣ ಮತ್ತು ನಾನು ಮಾತ್ರ ರಸ್ತೆಯಲ್ಲಿ ಮೇಲೆ ಹೋಗುವುದು. ಮೂವರೂ ಮನೆಯಿಂದಲೇ ಒಟ್ಟಿಗೆ ಹೊರಡಬೇಕು ಎಂಬ ಆಸೆ ಎಲ್ಲರಿಗೂ ಇತ್ತು. ಅದನ್ನು ಬಿಟ್ಟದ್ದರಿಂದಲೇ ಉಳಿದದ್ದೆಲ್ಲ ಸಾಧ್ಯವಾಯಿತು.

ದಾರಿ ಆರಿಸುವಾಗ ಎಲ್ಲರಿಗೂ ಮೊದಲು ಹೊಳೆಯುವುದು ರಾಷ್ಟ್ರೀಯ ಹೆದ್ದಾರಿ 48. ನಮ್ಮೂರಿನ ಬೈಪಾಸೇ ಅದು. ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬೈ, ಜೈಪುರ ಹಾದು ದೆಹಲಿ ಮುಟ್ಟುತ್ತದೆ. ಆದರೆ ಪುಣೆ, ಮುಂಬೈ, ಸೂರತ್‌ಗಳ ಟ್ರಾಫಿಕ್ ನನ್ನಂಥವಳಿಗೆ ಬೇಡ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶವೂ ಇಲ್ಲ. ತಮ್ಮ ನಕ್ಷೆ ಹರಡಿಕೊಂಡು ಕೂತು ತೋರಿಸಿದ್ದು ಹೆದ್ದಾರಿ 52. ಅಂಕೋಲಾದಿಂದ ಶುರುವಾಗಿ ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಔರಂಗಾಬಾದ್, ಧುಳೆ, ಇಂದೋರ್, ಕೋಟಾ, ಜೈಪುರ, ಹಿಸಾರ್ ಮೂಲಕ ಪಂಜಾಬಿನ ಸಂಗ್ರೂರ್ ತಲುಪುವ ರಸ್ತೆ. ಮುಂಬೈ ಬೇಡ, ದೆಹಲಿ ಬೇಡ. ಸಂಗ್ರೂರಿನಿಂದ ಪಟಿಯಾಲ ಮೇಲೆ ಚಂಡೀಗಢ ಹತ್ತಿರ. ಉತ್ತರ ಕರ್ನಾಟಕದವರಿಗೆ ಹಿಮಾಲಯಕ್ಕೆ ಇಷ್ಟು ನೇರವಾದ ದಾರಿ ಇದೆ ಎಂಬುದು ನಮ್ಮ ಕಡೆ ಎಷ್ಟೋ ಬೈಕಿನವರಿಗೇ ಗೊತ್ತಿಲ್ಲ. ಔರಂಗಾಬಾದ್ ದಾಟಿ ಚಾಳೀಸ್‌ಗಾಂವ್ ಕಡೆ ಇಳಿಯುವ ಘಾಟು, ಝಾಲಾವಾಡ ಮತ್ತು ಕೋಟಾ ನಡುವಿನ ದರಾ ಕಣಿವೆ, ಈ ಎರಡು ಕಡೆ ಮಾತ್ರ ನಿಧಾನ. ಹೆದ್ದಾರಿ ಟೋಲ್‌ಗಳಲ್ಲಿ ಬೈಕಿಗೆ ದುಡ್ಡಿಲ್ಲ, ಪಕ್ಕದ ಸಣ್ಣ ದಾರಿಯಲ್ಲಿ ಸುಮ್ನೆ ದಾಟಿಕೊಂಡು ಹೋಗಬಹುದು.

ಜುಲೈನಲ್ಲಿ ಒಂದು ಪರೀಕ್ಷೆ ಇಟ್ಟುಕೊಂಡೆವು. ಮೂವರೂ ಪೂರ್ತಿ ಸಾಮಾನು ಹೇರಿಕೊಂಡು ಶಿವಮೊಗ್ಗ, ತೀರ್ಥಹಳ್ಳಿ ದಾರಿಯಲ್ಲಿ ಆಗುಂಬೆಗೆ. ಬೇಕೆಂದೇ ಮಳೆಯಲ್ಲಿ. ಆಗುಂಬೆ ಘಾಟಿನಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಆ ಘಾಟು ಇಳಿದು ಹತ್ತಿದರೆ ಯಾರ ಕೈ ಹೇಗೆ ಎಂಬುದು ಹೊರಬರುತ್ತದೆ.

ಹೊರಬಿದ್ದದ್ದು ಏನೇನು? ಅಣ್ಣ ನೇರ ರಸ್ತೆಯಲ್ಲಿ ಗಟ್ಟಿ, ಒದ್ದೆ ತಿರುವಿನಲ್ಲಿ ಹಿಂಜರಿಯುತ್ತಾನೆ. ತಮ್ಮ ತಿರುವಿನಲ್ಲಿ ಮಾಯವಾಗುತ್ತಾನೆ. ನಾನು ಎರಡರಲ್ಲೂ ನಿಧಾನ, ಆದರೆ ಸಂಜೆಯ ಹೊತ್ತಿಗೆ ಅವರಿಬ್ಬರಿಗಿಂತ ಕಡಿಮೆ ದಣಿದಿದ್ದೆ. ಆಗಲೇ ಸಾಲು ಗೊತ್ತಾಯಿತು: ಮುಂದೆ ನಾನು, ನಡುವೆ ತಮ್ಮ, ಹಿಂದೆ ಅಣ್ಣ. ನಿಧಾನದವರು ಹಿಂದೆ ಇದ್ದರೆ ಮುಂದಿನವರನ್ನು ಹಿಡಿಯಲು ಹೋಗಿ ತಪ್ಪು ಮಾಡುತ್ತಾರೆ. ಮುಂದೆ ಇದ್ದರೆ ಎಲ್ಲರೂ ಅವರ ವೇಗಕ್ಕೆ ಬರುತ್ತಾರೆ.

ಹೆಲ್ಮೆಟ್ಟಿನ ಇಂಟರ್‌ಕಾಮ್ ಬಗ್ಗೆಯೂ ಅಲ್ಲೇ ತೀರ್ಮಾನವಾಯಿತು. ಗೆಳೆಯರೊಬ್ಬರ ಸೆಟ್ಟನ್ನು ತಂದು ಹಾಕಿಕೊಂಡಿದ್ದೆವು. ಅಣ್ಣ ನನ್ನ ಕಿವಿಯಲ್ಲಿ ಒಂದೇ ಸಮನೆ, "ಬಸ್ ಬಂತು… ಬ್ರೇಕ್ ಹಿಡಿ… ಎಡಕ್ಕೆ, ಎಡಕ್ಕೆ ತಗೋ…" ಹತ್ತನೇ ತರಗತಿಯಲ್ಲಿ ಸೈಕಲ್ಲಿನ ಕ್ಯಾರಿಯರ್ ಹಿಡಿದು ಹಿಂದೆ ಓಡಿಬರುತ್ತಿದ್ದವನು ಈಗಲೂ ಅಲ್ಲೇ ಇದ್ದ. ನನ್ನ ಕಣ್ಣು ರಸ್ತೆಯ ಮೇಲಿತ್ತು, ಗಮನ ಅವನ ದನಿಯ ಮೇಲೆ. ಒಂದು ತಿರುವಿನಲ್ಲಿ ಅವನು "ಗೇರ್ ಇಳಿಸು" ಎಂದ ಕ್ಷಣ ಕೈ ತಡವರಿಸಿ ಗಾಡಿ ಬಂದ್ ಬಿತ್ತು. ಹಿಂದೆ ಬಸ್ಸಿತ್ತು. ಆಮೇಲೆ ಇಂಟರ್‌ಕಾಮ್ ಕೊಳ್ಳಲಿಲ್ಲ. ಕೈಸನ್ನೆ ಮೂರೇ ಮೂರು ಇಟ್ಟುಕೊಂಡೆವು: ನಿಲ್ಲಬೇಕು, ಪೆಟ್ರೋಲ್ ಬೇಕು, ಏನೋ ಸರಿಯಿಲ್ಲ. ಸಾಕಾಯಿತು.

ಹಣದ ಮಾತು. ಅಣ್ಣ ಮೊದಲ ದಿನವೇ, "ಖರ್ಚು ನಾನು ನೋಡ್ಕೋತೀನಿ, ನಾನಿದ್ದೀನಲ್ಲ" ಎಂದ. ದೊಡ್ಡ ಮನಸ್ಸು, ಒಪ್ಪುತ್ತೇನೆ. ಆದರೆ ಒಬ್ಬರೇ ಹಣ ಕೊಟ್ಟರೆ ಆ ಬಿಲ್ ಹಾಳೆಯ ಹಿಂಬದಿಯಲ್ಲಿ ಬರೆದದ್ದಕ್ಕೆ ಅರ್ಥ ಉಳಿಯುವುದಿಲ್ಲ. ಕೊಟ್ಟವನ ಎದುರು ಯಾರೂ "ಸಾಕು" ಅನ್ನುವುದಿಲ್ಲ. ಒಂದು ಖಾತೆಗೆ ಮೂವರೂ ತಿಂಗಳು ತಿಂಗಳು ಸಮಸಮ ಹಾಕಿದೆವು. ರೂಮು, ಊಟ, ಪರ್ಮಿಟ್ಟು, ರಿಪೇರಿ, ಆಸ್ಪತ್ರೆ ಅದರಿಂದ. ಪೆಟ್ರೋಲ್ ಅವರವರದು. ಒಡಹುಟ್ಟಿದವರಾದ್ದರಿಂದ ಮೂರು ಮಂಚದ ಒಂದೇ ರೂಮು ಸಾಕಾಗುತ್ತಿತ್ತು, ಅದರಿಂದಲೇ ಬಹಳ ಉಳಿಯಿತು.

ಇನ್ನು ಮೈ ಆರೋಗ್ಯ. ಒಂದೇ ತಂದೆತಾಯಿಯ ಮಕ್ಕಳಿಗೆ ಕಾಯಿಲೆಗಳೂ ಒಂದೇ ಮನೆಯವು. ಅಪ್ಪ ಹೋದದ್ದು ಹೃದಯದ ತೊಂದರೆಯಿಂದ. ಅಣ್ಣನಿಗೆ ಬಿಪಿ. ಹಾಗಾಗಿ ಅವನೊಬ್ಬನನ್ನು ಕಳಿಸದೆ ಮೂವರೂ ಡಾಕ್ಟರ ಹತ್ತಿರ ಹೋದೆವು, ಇಸಿಜಿ ಮಾಡಿಸಿದೆವು. ಎತ್ತರದ ತೊಂದರೆಗೆ (ಗಾಳಿ ತೆಳುವಾಗಿ ಬರುವ ತಲೆನೋವು, ವಾಕರಿಕೆ) ಸಾಮಾನ್ಯವಾಗಿ ಕೊಡುವ ಅಸೆಟಜೋಲಮೈಡ್ ಮಾತ್ರೆಯ ಮಾತು ಬಂದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾರಿಗಾದರೂ ಸಲ್ಫಾ ಔಷಧಿ ಆಗಿಬರುವುದಿಲ್ಲವೇ? ನಮಗೆ ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಿದೆವು. ಅವ್ವ ತಕ್ಷಣ ಹೇಳಿದಳು: ತಮ್ಮ ಚಿಕ್ಕವನಿದ್ದಾಗ ಸಲ್ಫಾ ಮಾತ್ರೆ ಕೊಟ್ಟು ಮೈಯೆಲ್ಲ ದದ್ದು ಎದ್ದಿತ್ತು. ಅವನಿಗೆ ಆ ಮಾತ್ರೆ ಬೇಡವೆಂದಾಯಿತು. ಅವ್ವನನ್ನು ಕೇಳದೆ ಗೂಗಲ್ ನೋಡಿ ನುಂಗಿದ್ದರೆ ಏನಾಗುತ್ತಿತ್ತೋ. ಮಾತ್ರೆಯ ವಿಷಯ ಡಾಕ್ಟರಿಗೇ ಬಿಡಬೇಕು, ನೆನಪಿನ ವಿಷಯ ಅವ್ವಂದಿರಿಗೆ.

ಎತ್ತರದ ಕಾರಣಕ್ಕೇ ದಾರಿಯನ್ನು ಶ್ರೀನಗರದ ಕಡೆಯಿಂದ ಇಟ್ಟೆವು. ಮನಾಲಿಯಿಂದ ಹತ್ತಿದರೆ ಸರ್ಚು ಬಳಿ ಸುಮಾರು 4,300 ಮೀಟರ್ ಎತ್ತರದಲ್ಲಿ ಮಲಗಬೇಕು, ದೇಹ ಇನ್ನೂ ಒಗ್ಗಿರುವುದಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎಂಬುದು ವೈದ್ಯರ ಸಾಮಾನ್ಯ ಸಲಹೆ. ಶ್ರೀನಗರದಿಂದ ಜೋಜಿಲಾ ಘಟ್ಟ (3,528 ಮೀ.) ದಾಟಿ ಕಾರ್ಗಿಲ್‌ನಲ್ಲಿ (2,676 ಮೀ.) ಮಲಗಿ, ಮಾರನೆ ದಿನ ಫೋಟುಲಾ (4,108 ಮೀ.) ಹತ್ತಿ ಲೇಹ್‌ಗೆ (ಸುಮಾರು 3,500 ಮೀ.) ಇಳಿದರೆ ಹತ್ತುವುದು ಹಂತಹಂತವಾಗಿ ಆಗುತ್ತದೆ. ಆಗಸ್ಟ್ ನಡುವಿನಲ್ಲಿ ಜಮ್ಮು-ಕಾಶ್ಮೀರದ ವಿಧಾನಸಭೆ ಚುನಾವಣೆ ಘೋಷಣೆಯಾಯಿತು. ಸೆಪ್ಟೆಂಬರ್ 18, 25 ಮತ್ತು ಅಕ್ಟೋಬರ್ 1ಕ್ಕೆ ಮತದಾನ. ತಮ್ಮ ರಾತ್ರೋರಾತ್ರಿ ದಿನಗಳನ್ನು ಹೊಂದಿಸಿ, 25ಕ್ಕೆ ಮೊದಲೇ ನಾವು ಕಣಿವೆ ದಾಟಿರುವ ಹಾಗೆ ಮಾಡಿದ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಅಣ್ಣನ ನಂಬರನ್ನು ಪೋಸ್ಟ್‌ಪೇಯ್ಡ್ ಮಾಡಿಸಿದ್ದೂ ಅವನೇ.

ಹಿಂದಿರುಗುವುದು ಮನಾಲಿ ಕಡೆಯಿಂದ. ಪೆಟ್ರೋಲಿನ ಲೆಕ್ಕ ಆ ದಾರಿಗೆ ಮುಖ್ಯ. ಲಾಹೌಲ್‌ನ ತಾಂಡಿಯಲ್ಲಿ, ಮುಂದಿನ ಬಂಕು 365 ಕಿ.ಮೀ. ದೂರ ಎಂಬ ಪ್ರಸಿದ್ಧ ಫಲಕ ಇದೆ. ಲೇಹ್‌ನಿಂದ ಬರುವವರಿಗೂ ನಡುವೆ ನೂರಾರು ಕಿ.ಮೀ. ಖಾಲಿ ದಾರಿ. ಕ್ಲಾಸಿಕ್‌ನ ಟ್ಯಾಂಕು 13 ಲೀಟರ್. ಬಯಲಲ್ಲಿ ಲೀಟರಿಗೆ 33-34 ಕೊಡುವ ಗಾಡಿ ಗುಡ್ಡದಲ್ಲಿ 27ಕ್ಕೆ ಇಳಿದರೆ 350ಕ್ಕೇ ಖಾಲಿ. ನನ್ನ ಪಲ್ಸರ್‌ಗೆ 15 ಲೀಟರ್ ಹಿಡಿಯುತ್ತದೆ, ಮೈಲೇಜೂ ಜಾಸ್ತಿ. ಅಂದರೆ ಐದು ಲೀಟರಿನ ಕ್ಯಾನ್ ಬೇಕಾದದ್ದು ಅಣ್ಣನ ಗಾಡಿಗೆ. ಪಲ್ಸರ್‌ನ ಕಷ್ಟ ಬೇರೆ. ಅದು ಕಾರ್ಬೊರೇಟರ್ ಗಾಡಿ. ಎತ್ತರದಲ್ಲಿ ಗಾಳಿ ತೆಳುವಾದಾಗ ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಬಂದು ಎಂಜಿನ್ ಕೆಮ್ಮುತ್ತದೆ. ಅಣ್ಣ ಮೆಕ್ಯಾನಿಕ್ ಹತ್ತಿರ ಕೂತು ಸ್ಕ್ರೂ ತಿರುಗಿಸಿ ಹದ ಮಾಡುವುದನ್ನು ಕಲಿತುಬಂದ. ನನ್ನ ಸಾಮಾನಿನ ಅರ್ಧವನ್ನು ತನ್ನ ಗಾಡಿಗೆ ಹಾಕಿಕೊಂಡ.

ಪಾರ್ಸೆಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದನ್ನು ಯಾರೂ ಸರಿಯಾಗಿ ಬರೆಯುವುದಿಲ್ಲ. ರೈಲಿನಲ್ಲಿ ಬೈಕನ್ನು ಎರಡು ರೀತಿ ಕಳಿಸಬಹುದು. ನೀವೂ ಅದೇ ರೈಲಿನಲ್ಲಿ ಹೋಗುವುದಾದರೆ ಟಿಕೆಟ್ ತೋರಿಸಿ ಲಗೇಜ್. ಇಲ್ಲದಿದ್ದರೆ ಪಾರ್ಸೆಲ್, ಜಾಗ ಸಿಕ್ಕ ರೈಲಿನಲ್ಲಿ ಹೋಗುತ್ತದೆ, ಕೆಲವು ದಿನ ಮುಂಚೆಯೇ ಕಳಿಸಬೇಕು. ಆರ್‌ಸಿ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಬೇಕು. ಟ್ಯಾಂಕಿನಲ್ಲಿ ಹನಿ ಪೆಟ್ರೋಲೂ ಇರಬಾರದು. ಸ್ಟೇಷನ್ ಹೊರಗೇ ಪ್ಯಾಕ್ ಮಾಡುವವರಿರುತ್ತಾರೆ. ತಮ್ಮನ ಗಾಡಿಯ ಕನ್ನಡಿ ಬಿಚ್ಚಿ ಚೀಲಕ್ಕೆ ಹಾಕಿ, ಟ್ಯಾಂಕಿನ ಮೇಲೆ ಹುಲ್ಲು ಹರಡಿ, ಅದರ ಮೇಲೆ ಗೋಣಿ ಸುತ್ತಿ, ಸುತಲಿ ಬಿಗಿದು, ದಬ್ಬಳದಲ್ಲಿ ಹೊಲಿದರು. ಹೆಡ್‌ಲೈಟಿಗೆ ಎರಡು ಪದರ. ಕೊನೆಗೆ ಒಂದು ರಟ್ಟಿನ ಮೇಲೆ ಹೊರಡುವ ಸ್ಟೇಷನ್, ತಲುಪುವ ಸ್ಟೇಷನ್ ದಪ್ಪ ಅಕ್ಷರದಲ್ಲಿ ಬರೆದು ಕಟ್ಟಿದರು. ಇಳಿಸಿಕೊಂಡ ಮೇಲೆ ಗಾಡಿಯನ್ನು ಬಂಕಿನವರೆಗೆ ತಳ್ಳಲೇಬೇಕು. ಸ್ಟೇಷನ್ನಿನ ಹತ್ತಿರದ ಬಂಕು ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಅವ್ವನ ಒಂದು ಮಾತು ಉಳಿದಿತ್ತು. ಎಲ್ಲ ಮುಗಿದು ಹೊರಡುವ ವಾರ ಹೇಳಿದಳು, "ಇರೋದು ಮೂರು ಮಕ್ಕಳು. ಮೂರೂ ಒಂದೇ ರಸ್ತೆ ಮೇಲೆ." ಇದಕ್ಕೆ ಸಮಾಧಾನದ ಮಾತು ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಮಾಡಬಹುದಾದದ್ದನ್ನು ಮಾಡಿದೆವು. ಮೂವರ ವಿಮೆ, ಬ್ಯಾಂಕು ಖಾತೆಗಳಲ್ಲಿ ನಾಮಿನಿ ಸರಿಪಡಿಸಿದೆವು. ಎಲ್ಲ ಕಾಗದದ ಒಂದು ಕಟ್ಟನ್ನು ಅತ್ತಿಗೆಗೆ ಕೊಟ್ಟೆವು. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಓಡಿಸದೆ, ಮುಂದಿನ ಗಾಡಿ ಕಣ್ಣಿಗೆ ಕಂಡರೆ ಸಾಕು ಅನ್ನುವಷ್ಟು ಅಂತರ ಇಟ್ಟೆವು. ಕತ್ತಲಾದ ಮೇಲೆ ಗಾಡಿ ಓಡಿಸುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟೆವು. ರೂಮು ಸೇರಿದ ಕೂಡಲೇ ದಿನಕ್ಕೊಬ್ಬರಂತೆ ಫೋನ್.

ರಸ್ತೆಯಲ್ಲಿ ಈ ತಯಾರಿ ಹೇಗೆ ನಿಂತಿತು? ಇಂದೋರ್ ದಾಟಿದ ಮೇಲೆ ಮಳೆ ಹಿಡಿದುಕೊಂಡಿತು. ಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದ ದಿನವೊಂದು ಕೋಟಾದಲ್ಲಿ ಹೋಯಿತು. ತಯಾರಿಯ ಹೊತ್ತಿನಲ್ಲಿ ಆ ಖಾಲಿ ದಿನಗಳನ್ನು ತುಂಬಲು ತಮ್ಮ ಬಹಳ ಸಲ ನೋಡಿದ್ದ, ಒಮ್ಮೆ ಪಾಂಗಾಂಗ್, ಒಮ್ಮೆ ಅಮೃತಸರ. ಬಿಟ್ಟುಕೊಡದೆ ಇದ್ದದ್ದು ಒಳ್ಳೆಯದಾಯಿತು. ಬಂಕುಗಳ ಶೌಚಾಲಯ ನೋಡಿಕೊಂಡು ನಿಲ್ಲುವ ಜಾಗ ಆರಿಸುತ್ತಿದ್ದವಳು ನಾನಾದ್ದರಿಂದ, ನೀರು ಕುಡಿಯದೆ ಓಡಿಸುವ ಕಷ್ಟ ನನಗೆ ಬರಲಿಲ್ಲ. ಹೆಣ್ಣುಮಕ್ಕಳು ಇರುವ ಗುಂಪಿನಲ್ಲಿ ನಿಲ್ಲುವ ಜಾಗದ ತೀರ್ಮಾನ ಅವರ ಕೈಯಲ್ಲೇ ಇರಬೇಕು.

ಲೇಹ್ ತಲುಪಿದ ರಾತ್ರಿ ಅಣ್ಣ ಊಟ ಬಿಟ್ಟ. ಬೆಳಿಗ್ಗೆ ತಲೆನೋವು, ವಾಕರಿಕೆ. ನಾವು ಕೇಳುವ ಮೊದಲೇ ಮಂಚದ ಮೇಲಿಂದ ಹೇಳಿದ, "ಸಾಕು. ನನಗೆ ಇವತ್ತು ಆಗಲ್ಲ." ಅವನ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಆಮ್ಲಜನಕದ ಮಟ್ಟ, ಬಿಪಿ ನೋಡಿ, ವಿಶ್ರಾಂತಿ ಹೇಳಿದರು. ನುಬ್ರಾ ಕಣಿವೆ ಕೈಬಿಟ್ಟಿತು. ತಮ್ಮ ವರ್ಷವಿಡೀ ಕನಸು ಕಂಡದ್ದು ಅದೊಂದೇ ಜಾಗವನ್ನು, ಪರ್ಮಿಟ್ಟು ಜೇಬಿನಲ್ಲಿತ್ತು. ಅವನು ಯಾಕೆ ಎಂದು ಕೇಳಲಿಲ್ಲ. ಅಣ್ಣನಿಗೆ ಗಂಜಿ ಮಾಡಿಸಿಕೊಂಡು ಬರಲು ಕೆಳಗೆ ಹೋದ.

ಅಣ್ಣ ಪೂರ್ತಿ ಚೇತರಿಸಿಕೊಂಡು, ಡಾಕ್ಟರು ಸರಿ ಎಂದ ಮೇಲೆಯೇ ಮನಾಲಿ ಕಡೆ ಹೊರಟೆವು. ಸರ್ಚುವಿನಲ್ಲಿ ಮಲಗುವ ಯೋಚನೆ ಬಿಟ್ಟು, ಬೆಳಕು ಹರಿಯುವ ಹೊತ್ತಿಗೇ ಲೇಹ್ ಬಿಟ್ಟು ಸಂಜೆಯೊಳಗೆ ಸುಮಾರು 3,200 ಮೀಟರ್‌ನ ಜಿಸ್ಪಾಕ್ಕೆ ಇಳಿಯುವುದೆಂದು ಮಾಡಿಕೊಂಡೆವು. ದೂರ ಜಾಸ್ತಿ, ಆದರೆ ಮಲಗುವ ಜಾಗ ತಗ್ಗು. ದಾರಿಯಲ್ಲಿ ಸಿಗುವ ತಗ್‌ಲಾಂಗ್‌ಲಾ ಘಟ್ಟ 5,328 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. ಪಲ್ಸರ್ ಮೊದಲನೇ ಗೇರಿನಲ್ಲಿ, ನಡೆದು ಹೋಗುವವರ ವೇಗದಲ್ಲಿ ಹತ್ತುತ್ತಿತ್ತು. ಒಂದು ತಿರುವಿನಲ್ಲಿ ಕೆಮ್ಮಿ ನಿಂತಿತು. ಅಣ್ಣ ಗ್ಲೌಸ್ ಬಿಚ್ಚಿ, ಚಿಕ್ಕ ಸ್ಕ್ರೂಡ್ರೈವರ್ ತೆಗೆದು, ಕಾರ್ಬೊರೇಟರಿನ ಸ್ಕ್ರೂವನ್ನು ಅರ್ಧ ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿಸಿದ. ಕಿವಿ ಹತ್ತಿರ ಇಟ್ಟು ಕೇಳಿದ. ಮತ್ತೆ ಒಂದು ಚೂರು. ಎಂಜಿನ್ ದನಿ ಸಮವಾಯಿತು. ಅವನು ಒಂದು ಮಾತೂ ಆಡದೆ ಹಿಂದಿನ ತನ್ನ ಜಾಗಕ್ಕೆ ಹೋದ, ನಾನು ಮುಂದೆ ಹೊರಟೆ.

ಚಂಡೀಗಢದಿಂದ ಮೂರೂ ಬೈಕು ಪಾರ್ಸೆಲ್ ಮಾಡಿ, ನಾವು ವಿಮಾನದಲ್ಲಿ ಬಂದೆವು. ಅಮಾವಾಸ್ಯೆಗೆ ಇಬ್ಬರೂ ಮನೆಯಲ್ಲಿದ್ದರು, ನಾನೂ ಇದ್ದೆ. ಖಾತೆಯಲ್ಲಿ ಉಳಿದ ಹಣವನ್ನು ಮೂರು ಪಾಲು ಮಾಡುವ ಮಾತು ಬಂದಾಗ ಅತ್ತಿಗೆ ಬೇಡ ಎಂದರು. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಯಾವ ಊರಿನಲ್ಲಿ, ಯಾರು ಜೊತೆಗಿರುವುದು, ಯಾರು ರಜೆ ಹಾಕುವುದು ಎಂದು ಆವತ್ತೇ ಕೂತು ಬರೆದೆವು. ಖಾತೆಯನ್ನು ಮುಚ್ಚಲಿಲ್ಲ. ಮೂವರೂ ಈಗಲೂ ತಿಂಗಳು ತಿಂಗಳು ಅದಕ್ಕೆ ಹಾಕುತ್ತೇವೆ.